ಸೆರೆಮನೆಯ ಕಟ್ಟಡವೂ ಅದರ ಕಾವಲೂ

ಶ್ರೀಕೃಷ್ಣನ ಜನನದ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕಂಸನ ಸೆರೆಮನೆಗೆ ಯಾವ ಕೊರತೆಯೂ ಇರಲಿಲ್ಲ. ಗೋಡೆಗಳು ಗಟ್ಟಿಯಾಗಿದ್ದುವು; ಬಾಗಿಲುಗಳಿಗೆ ಕಬ್ಬಿಣದ ಅಗುಳಿಗಳಿದ್ದುವು; ವಸುದೇವನ ಕಾಲಿಗೆ ಸಂಕೋಲೆಯಿದ್ದಿತು; ಹೊಸ್ತಿಲಲ್ಲಿ ಭಟರಿದ್ದರು. ಆದರೂ ನಡುರಾತ್ರಿಯಲ್ಲಿ ಭಟರಿಗೆ ನಿದ್ರೆ ಕವಿಯಿತು, ಸಂಕೋಲೆ ಕಳಚಿತು, ಕದಗಳು ತಾವಾಗಿ ತೆರೆದುಕೊಂಡುವು, ಕೂಸು ಯಮುನೆಯನ್ನು ದಾಟಿತು. ಭಕ್ತರು ಇದರಲ್ಲಿ ಭಗವಂತನ ಮಾಯೆಯನ್ನು ಕಾಣುತ್ತಾರೆ. ಲೌಕಿಕನಾದ ಸೆರೆಮನೆಯ ಅಧಿಕಾರಿಯೊಬ್ಬನು ಈ ಕಥೆಯನ್ನು ಕೇಳಿದರೆ ಅವನ ಮನಸ್ಸು ಬೇರೊಂದು ಕಡೆಗೆ ಹರಿದೀತು: ಕಾಯುವವನ ಕಣ್ಣು ಮುಚ್ಚಿದ ಮೇಲೆ ಗೋಡೆ ಎಷ್ಟು ಗಟ್ಟಿಯಾಗಿದ್ದರೇನು?

ಈ ಪ್ರಶ್ನೆಗೆ ಕಟ್ಟಡದ ಮೂಲಕವೇ ಉತ್ತರ ಕೊಡಬೇಕೆಂದು ಕಳೆದ ಎರಡೂವರೆ ಶತಮಾನಗಳಿಂದ ಬುದ್ಧಿವಂತರು ಪ್ರಯತ್ನಪಡುತ್ತ ಬಂದಿದ್ದಾರೆ. ಕಲ್ಲು, ಬೆಳಕು, ಗಾಳಿ, ಕಿಟಕಿ, ಓಣಿ ಇವುಗಳನ್ನು ಜಾಣತನದಿಂದ ಜೋಡಿಸಿದರೆ ಬಂದಿಯ ನಡತೆಯೂ ಕಾವಲುಗಾರನ ನಡತೆಯೂ ತಿದ್ದುಪಾಟಾಗುತ್ತವೆಂಬುದು ಅವರ ನಂಬಿಕೆ. ಆ ಪ್ರಯತ್ನದ ಚರಿತ್ರೆಯನ್ನು ಸಂಗ್ರಹವಾಗಿ ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಸೆರೆಮನೆಯ ಭದ್ರತೆಯೆಂದರೆ ಬಂದಿ ಓಡಿಹೋಗದಂತೆ ನೋಡಿಕೊಳ್ಳುವುದು ಮಾತ್ರವೇ ಅಲ್ಲ. ಬಂದಿ ಬಂದಿಯನ್ನು ಹಿಂಸಿಸಬಾರದು. ಬಂದಿ ಕಾವಲುಗಾರನನ್ನು ಹೊಡೆಯಬಾರದು. ಕಾವಲುಗಾರನು ಬಂದಿಯನ್ನು ಹೊಡೆಯಬಾರದು. ಯಾರೂ ಹತಾಶೆಯಿಂದ ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳಬಾರದು. ಇಷ್ಟೂ ಸೇರಿದರೆ ಭದ್ರತೆ. ಈ ಚರಿತ್ರೆಯಲ್ಲಿ ನಡೆದ ತಪ್ಪುಗಳಲ್ಲಿ ಬಹುಪಾಲು, ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದುವನ್ನು ಮರೆತುದರಿಂದ ಆದುವು.

ನಮ್ಮ ದೇಶದ ಪ್ರಾಚೀನರು ಈ ವಿಷಯವನ್ನು ಆಲೋಚಿಸಿರಲಿಲ್ಲವೆನ್ನುವಂತಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯ ಗರಿಗಳಿಂದ ಉದ್ಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಬಂಧನಾಗಾರವನ್ನು ಕಟ್ಟಿಸುವ ಕ್ರಮ ಹೇಳಿದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಥಳಗಳಿರಬೇಕು; ತಪ್ಪಿಸಿಕೊಂಡು ಹೋಗದಂತೆ ಕೋಣೆಗಳು ಸುರಕ್ಷಿತವಾಗಿರಬೇಕು. ಅಷ್ಟಕ್ಕೇ ನಿಲ್ಲದೆ, ಬಾವಿ, ಶೌಚದ ಜಾಗ, ಸ್ನಾನದ ಮನೆ, ಬೆಂಕಿಯಿಂದಲೂ ವಿಷದಿಂದಲೂ ರಕ್ಷಣೆ, ಅದಕ್ಕಾಗಿ ಬೆಕ್ಕು ಮುಂಗುಸಿಗಳು, ಪೂಜೆಗೆ ಏರ್ಪಾಡು, ಇವೂ ಬೇಕೆಂದು ವಿಧಿಸಿದೆ. ಬೊಕ್ಕಸಕ್ಕೂ ಕಣಜಕ್ಕೂ ಬೇಕಾದ ಎಚ್ಚರಿಕೆಯೇ ಬಂಧನಾಗಾರಕ್ಕೂ ಬೇಕೆಂಬುದು ಆ ಶಾಸ್ತ್ರಕಾರನ ದೃಷ್ಟಿ. ಒಳಗಿರುವವನ ಪ್ರಾಣವೂ ರಾಜನ ಹೊಣೆಯೇ ಎಂಬ ಭಾವ ಅದರಲ್ಲಿ ಅಡಗಿದೆ.

ಯೂರೋಪಿನಲ್ಲಿ ಈ ವಿಷಯ ಶಾಸ್ತ್ರದ ರೂಪವನ್ನು ತಾಳಿದುದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಕಾರಣನಾದವನು ಜಾನ್ ಹೊವರ್ಡ್ ಎಂಬ ಇಂಗ್ಲಿಷ್ ಗೃಹಸ್ಥ. ೧೭೭೩ರಲ್ಲಿ ಇವನು ಬೆಡ್‌ಫರ್ಡ್ ಪ್ರಾಂತ್ಯದ ಷೆರೀಫನಾದನು. ಆ ಅಧಿಕಾರ ಅಲಂಕಾರಕ್ಕಾಗಿ ಇದ್ದುದು. ಅದನ್ನು ಪಡೆದವರು ಸೆರೆಮನೆಯ ಒಳಕ್ಕೆ ಕಾಲಿಡುವ ವಾಡಿಕೆಯಿರಲಿಲ್ಲ. ಹೊವರ್ಡ್ ಕಾಲಿಟ್ಟನು. ನ್ಯಾಯಸ್ಥಾನ ನಿರಪರಾಧಿಗಳೆಂದು ಬಿಟ್ಟವರನ್ನು, ಜೈಲರನ ಶುಲ್ಕವನ್ನು ಕೊಡಲಿಲ್ಲವೆಂಬ ಕಾರಣಕ್ಕೆ ಮತ್ತೆ ಒಳಕ್ಕೆ ಎಳೆದೊಯ್ಯುತ್ತಿದ್ದುದನ್ನು ಕಂಡನು. ಜೈಲರನಿಗೆ ಸಂಬಳವಿಲ್ಲ, ಬಂದಿಗಳು ಕೊಡುವ ಹಣದಿಂದಲೇ ಅವನ ಜೀವನ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕಿಟಕಿಗಳ ಮೇಲೆ ಸರ್ಕಾರದ ತೆರಿಗೆ ಇದ್ದುದರಿಂದ, ಅದನ್ನು ಉಳಿಸಲು ಜೈಲರರು ಕಿಟಕಿಗಳನ್ನು ಮುಚ್ಚಿಸಿಬಿಡುತ್ತಿದ್ದರು. ಗಾಳಿಯಿಲ್ಲದ ಆ ಕತ್ತಲೆಯಲ್ಲಿ ಹುಟ್ಟುತ್ತಿದ್ದ ಸೆರೆಮನೆಯ ಜ್ವರ ಗಲ್ಲಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಿತು. ಅದು ಗೋಡೆಯೊಳಗೆ ನಿಲ್ಲಲೂ ಇಲ್ಲ. ೧೭೫೦ರಲ್ಲಿ ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯಕ್ಕೆ ವಿಚಾರಣೆಗೆಂದು ತಂದ ಬಂದಿಗಳಿಂದ ಹರಡಿದ ಜ್ವರಕ್ಕೆ ನಗರದ ಲಾರ್ಡ್ ಮೇಯರನೂ ನ್ಯಾಯಾಧೀಶರೂ ತುತ್ತಾದರು.

ಹೊವರ್ಡ್ ೧೭೭೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈಲಿ ಎಂಬ ಊರಿನ ಸೆರೆಮನೆಯ ಸಂಗತಿಯೊಂದಿದೆ. ಆ ಸೆರೆಮನೆ ಅಲ್ಲಿನ ಬಿಷಪ್ಪನ ಸೊತ್ತು, ಕಟ್ಟಡ ಶಿಥಿಲವಾಗಿದ್ದಿತು. ಗೋಡೆಯನ್ನು ದುರಸ್ತಿಮಾಡಿಸುವುದಕ್ಕೆ ಬದಲಾಗಿ ಜೈಲರನು ಬಂದಿಗಳನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಕಬ್ಬಿಣದ ಸಲಾಕಿಗಳಿಗೆ ಬಿಗಿದು, ಕೊರಳಿಗೆ ಮುಳ್ಳಿನ ಪಟ್ಟಿಯನ್ನು ತೊಡಿಸಿ, ಕಾಲಿನ ಮೇಲೆ ಭಾರವಾದ ಸಲಾಕಿಯನ್ನು ಹೇರಿ ಇರಿಸುತ್ತಿದ್ದನಂತೆ. ಕಟ್ಟಡ ಕೆಟ್ಟುದಾದಷ್ಟೂ ಸಂಕೋಲೆಯ ಭಾರ ಹೆಚ್ಚುತ್ತದೆ. ಕಟ್ಟಡವನ್ನು ನೆಟ್ಟಗೆ ಕಟ್ಟಿದರೆ ಸಂಕೋಲೆಯನ್ನು ಬಿಚ್ಚಬಹುದು. ಈ ಸರಳವಾದ ಸತ್ಯವೇ ಮುಂದಿನ ಸುಧಾರಣೆಗೆಲ್ಲ ತಳಹದಿ. ರಾತ್ರಿ ಒಬ್ಬೊಬ್ಬನಿಗೂ ಒಂದೊಂದು ಕೋಣೆ, ಹರಿಯುವ ನೀರು, ಗಾಳಿಯಾಡುವ ಓಣಿ, ಸಂಬಳ ಪಡೆಯುವ ಜೈಲರ್, ಇವು ಹೊವರ್ಡನ ಬೇಡಿಕೆಗಳು. ದೇಶ ದೇಶಗಳ ಸೆರೆಮನೆಗಳನ್ನೂ ಆಸ್ಪತ್ರೆಗಳನ್ನೂ ನೋಡುತ್ತ ಹೋದ ಆ ಪುಣ್ಯಾತ್ಮನು ೧೭೯೦ರಲ್ಲಿ ಖೆರ್ಸನ್ ಎಂಬ ದೂರದ ಊರಿನಲ್ಲಿ ಜ್ವರ ತಗುಲಿ ತೀರಿಕೊಂಡನು.

ಹೊವರ್ಡನಿಗೆ ಕರುಣೆ ಹೇಗೋ ಜೆರೆಮಿ ಬೆಂಥಮ್ಮನಿಗೆ ತರ್ಕ ಹಾಗೆ. ಇವನ ತಮ್ಮ ಸ್ಯಾಮ್ಯುಅಲ್ ರಷ್ಯಾದ ಪ್ರಭು ಪೊಟೆಮ್ಕಿನ್ನನ ಜಮೀನಿನಲ್ಲಿ ಕೆಲಸಗಾರರ ಮೇಲ್ವಿಚಾರಣೆಗಾಗಿ ದುಂಡಗಿನ ಕಟ್ಟಡವೊಂದನ್ನು ಕಲ್ಪಿಸಿದ್ದನು. ೧೭೮೭ರಲ್ಲಿ ಅಲ್ಲಿದ್ದ ಜೆರೆಮಿ ಆ ಕಲ್ಪನೆಯನ್ನು ಸೆರೆಮನೆಗೆ ಅನ್ವಯಿಸಿ ಪತ್ರಗಳ ರೂಪದಲ್ಲಿ ಬರೆದನು; ಅವು ೧೭೯೧ರಲ್ಲಿ ಅಚ್ಚಾದುವು. ‘ಪ್ಯಾನಾಪ್ಟಿಕನ್’ ಎಂದು ಅವನಿಟ್ಟ ಹೆಸರನ್ನು ನಾವು ಸರ್ವದರ್ಶನಗೃಹ ಎನ್ನಬಹುದು. ವೃತ್ತಾಕಾರವಾದ ಕಟ್ಟಡ, ಸುತ್ತಲೂ ಅಂತಸ್ತು ಅಂತಸ್ತಾಗಿ ಕೋಣೆಗಳು, ನಡುವೆ ಕಾವಲಿನ ಗೋಪುರ. ಕೋಣೆಗೆ ಹೊರಗಡೆ ಒಂದು ಕಿಟಕಿ, ಒಳಗಡೆ ಕಂಬಿಯ ಬಾಗಿಲು. ಬೆಳಕು ಹಿಂದಿನಿಂದ ಬೀಳುವುದರಿಂದ ಬಂದಿಯ ಒಂದೊಂದು ಚಲನೆಯೂ ಗೋಪುರಕ್ಕೆ ಕಾಣುತ್ತದೆ. ಗೋಪುರಕ್ಕೆ ಮರೆಗಳಿರುವುದರಿಂದ ಅದರಲ್ಲಿ ಯಾರಾದರೂ ಇದ್ದಾರೆಯೇ ಇಲ್ಲವೇ ಎಂಬುದು ಬಂದಿಗೆ ತಿಳಿಯುವುದಿಲ್ಲ. ಕಂಸನ ಭಟರು ನಿದ್ರೆಹೋದರೂ ಚಿಂತೆಯಿಲ್ಲ. ಎಚ್ಚರವಾಗಿದ್ದಾರೆಂದು ವಸುದೇವನು ನಂಬಿದ್ದರೆ ಸಾಕು! ನಮ್ಮ ಮೊದಲ ಪ್ರಶ್ನೆಗೆ ಬೆಂಥಮ್ ಕೊಟ್ಟ ಉತ್ತರ ಇದು.

ಅವನಿಗೆ ನ್ಯಾಯವಾಗಿ ಹೇಳಬೇಕಾದರೆ, ಕಾಯುವವನನ್ನು ಕಾಯುವವರಾರು ಎಂಬುದನ್ನೂ ಅವನು ಯೋಚಿಸಿದ್ದನು. ಸಾರ್ವಜನಿಕರು ಯಾವಾಗ ಬೇಕಾದರೂ ಬಂದು ಗೋಪುರದಿಂದ ಎಲ್ಲವನ್ನೂ ನೋಡಬಹುದಾಗಿದ್ದಿತು. ಆದರೆ ಸೆರೆಮನೆಯನ್ನು ಲಾಭದ ಗುತ್ತಿಗೆಯಾಗಿ ತಾನೇ ನಡೆಸಬೇಕೆಂಬುದೂ ಅವನ ಯೋಜನೆಯಲ್ಲಿ ಸೇರಿದ್ದಿತು. ಪಾರ್ಲಿಮೆಂಟು ಇಪ್ಪತ್ತು ವರ್ಷಗಳ ಕಾಲ ಎಳೆದಾಡಿ ಕೊನೆಗೆ ಅದನ್ನು ತಳ್ಳಿಹಾಕಿತು. ೧೮೧೩ರಲ್ಲಿ ಅವನಿಗೆ ೨೩,೦೦೦ ಪೌಂಡುಗಳ ಪರಿಹಾರ ದೊರೆಯಿತು. ಅವನು ಕೊಂಡಿದ್ದ ಮಿಲ್‌ಬ್ಯಾಂಕ್ ನೆಲದಲ್ಲಿ ಸರ್ಕಾರದವರೇ ಬೇರೊಂದು ನಕ್ಷೆಯ ಪ್ರಕಾರ ಸೆರೆಮನೆಯನ್ನು ಕಟ್ಟಿ ೧೮೧೬ರಲ್ಲಿ ತೆರೆದರು. ನಡುವೆ ಷಟ್ಕೋನ, ಸುತ್ತಲೂ ಆರು ಪಂಚಕೋನಗಳು. ಕಾಗದದ ಮೇಲೆ ರಂಗವಲ್ಲಿಯಂತೆ ಚೆಲುವಾಗಿದ್ದಿತು. ಆದರೆ ನೆಲ ಥೇಮ್ಸ್ ನದಿಯ ಜೌಗು. ಮೈಲಿಗಟ್ಟಲೆ ಉದ್ದದ ಓಣಿಗಳಲ್ಲಿ ಕಾವಲುಗಾರರೇ ದಾರಿತಪ್ಪುತ್ತಿದ್ದರಂತೆ. ಗಾಳಿಗೆಂದು ಬಿಟ್ಟ ಕೊಳವೆಗಳಲ್ಲಿ ಬಂದಿಗಳು ಒಬ್ಬರೊಡನೊಬ್ಬರು ಮಾತಾಡಿಕೊಳ್ಳುತ್ತಿದ್ದರಂತೆ. ೧೮೨೩ರಲ್ಲಿ ರೋಗ ಹಬ್ಬಿ ಬಂದಿಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು. ೧೮೯೦ರಲ್ಲಿ ಮುಚ್ಚಿದ ಆ ಸೆರೆಮನೆಯ ಸ್ಥಳದಲ್ಲಿ ೧೮೯೭ರಲ್ಲಿ ಚಿತ್ರಶಾಲೆಯೊಂದು ತೆರೆಯಿತು.

ಸರ್ವದರ್ಶನಗೃಹ ನಿಜವಾಗಿ ತಲೆಯೆತ್ತಿದುದು ಬಹು ಕಾಲದ ಮೇಲೆ, ಬೇರೆ ದೇಶಗಳಲ್ಲಿ. ೧೯೨೫ರಲ್ಲಿ ತೆರೆದ ಅಮೆರಿಕಾದ ಇಲಿನಾಯ್ ಸಂಸ್ಥಾನದ ಸ್ಟೇಟ್‌ವಿಲ್ ಸೆರೆಮನೆಯ ದುಂಡುಮನೆಗಳು ಇದೇ ಮಾದರಿಯವು. ಅಲ್ಲಿ ಒಂದು ತಮಾಷೆ ಬಯಲಾಯಿತು. ಗೋಪುರದ ಒಬ್ಬನಿಗೆ ನೂರಾರು ಕೋಣೆಗಳು ಕಾಣುತ್ತಿದ್ದುವು, ನಿಜ. ಆದರೆ ನೂರಾರು ಕೋಣೆಗಳಿಗೂ ಆ ಒಬ್ಬನು ಕಾಣುತ್ತಿದ್ದನು. ಅವನು ಯಾವ ಕಡೆಗೆ ತಿರುಗಿದ್ದಾನೆಂದು ನೋಡಿಕೊಂಡು ಇನ್ನೊಂದು ಕಡೆಯವರು ತಮ್ಮ ಕೆಲಸವನ್ನು ಸಾಧಿಸಿಕೊಳ್ಳಬಹುದಾಗಿದ್ದಿತು. ಕೊನೆಗೆ ಉಳಿದಿದ್ದ ದುಂಡುಮನೆಯೂ ೨೦೧೬ರಲ್ಲಿ ಮುಚ್ಚಿತು.

ಹತ್ತೊಂಬತ್ತನೆಯ ಶತಮಾನದವರು ಹಿಡಿದ ದಾರಿ ಮತ್ತೊಂದು: ಗಾಡಿಯ ಚಕ್ರದ ಮಾದರಿ. ನಡುವೆ ಗುಂಬ, ಅದರಿಂದ ಅರಗಳಂತೆ ಚಾಚಿದ ಸಾಲುಗಳು. ಗುಂಬದಲ್ಲಿ ನಿಂತವನು ತಿರುಗಿದರೆ ಒಂದೊಂದು ಓಣಿಯೂ ಕೊನೆಯವರೆಗೆ ಕಾಣುತ್ತದೆ. ಇದರಲ್ಲಿ ಜಗತ್ಪ್ರಸಿದ್ಧವಾದುದು ಜಾನ್ ಹ್ಯಾವಿಲೆಂಡ್ ಎಂಬ ಶಿಲ್ಪಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ, ೧೮೨೯ರಲ್ಲಿ ತೆರೆದ ಸೆರೆಮನೆ. ಮೂವತ್ತು ಅಡಿ ಎತ್ತರದ ಗೋಡೆ. ಒಬ್ಬೊಬ್ಬನಿಗೂ ಒಂದೊಂದು ಕೋಣೆ, ಮೇಲಿನಿಂದ ಬೆಳಕು, ಹಿಂದೆ ಚಿಕ್ಕದೊಂದು ಅಂಗಳ. ಊಟ ಕಂಡಿಯ ಮೂಲಕ. ಕೋಣೆಯಿಂದ ಹೊರಗೆ ಕರೆತರುವಾಗ ಮುಖಕ್ಕೆ ಮುಸುಕು. ಒಬ್ಬ ಬಂದಿ ಇನ್ನೊಬ್ಬನ ಮುಖವನ್ನು ವರ್ಷಗಟ್ಟಲೆ ಕಾಣುತ್ತಿರಲಿಲ್ಲ. ಏಕಾಂತದಲ್ಲಿ ಮನುಷ್ಯನು ತನ್ನ ಅಂತರಾತ್ಮದೊಡನೆ ಮಾತಾಡಿ ಪಶ್ಚಾತ್ತಾಪ ಪಡುತ್ತಾನೆಂದು ಇದನ್ನು ಏರ್ಪಡಿಸಿದ ಧರ್ಮಿಷ್ಠರು ನಂಬಿದ್ದರು. ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆ ೧೮೪೨ರಲ್ಲಿ ಇದೇ ತತ್ತ್ವದ ಮೇಲೆ ತೆರೆಯಿತು: ೫೨೦ ಕೋಣೆಗಳು, ಒಂದೊಂದೂ ೧೩ ಅಡಿ ಉದ್ದ, ೭ ಅಡಿ ಅಗಲ, ೯ ಅಡಿ ಎತ್ತರ. ಪ್ರಾರ್ಥನಾಮಂದಿರದಲ್ಲಿ ಕೂಡ ಒಬ್ಬೊಬ್ಬನನ್ನೂ ಒಂದೊಂದು ಗೂಡಿನಲ್ಲಿ ನಿಲ್ಲಿಸುತ್ತಿದ್ದರು.

ಜಗಳವಿಲ್ಲ, ಗುಂಪಿಲ್ಲ, ಪಿತೂರಿಯಿಲ್ಲ. ಭದ್ರತೆ ಪರಿಪೂರ್ಣವಾಯಿತೆಂದೇ ತೋರಿತು. ಆದರೆ ಒಳಗಿದ್ದವರಲ್ಲಿ ಕೆಲವರಿಗೆ ಬುದ್ಧಿಭ್ರಮಣೆಯಾಗತೊಡಗಿತು. ೧೮೪೨ರಲ್ಲಿ ಫಿಲಡೆಲ್ಫಿಯಾದ ಆ ಸೆರೆಮನೆಯನ್ನು ನೋಡಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಇದು ಕ್ರೂರವಾದುದೆಂದು ತೀರ್ಮಾನಿಸಿದನು. ಮೈಮೇಲಿನ ಗಾಯ ಕಣ್ಣಿಗೆ ಕಾಣುತ್ತದೆ. ಈ ಗಾಯ ಕಾಣುವುದಿಲ್ಲವೆಂಬುದೇ ಅವನ ಮುಖ್ಯವಾದ ಆಕ್ಷೇಪ. ಇಷ್ಟಾದರೂ ಗೋಡೆ ಅಭೇದ್ಯವಾಯಿತೇ? ೧೯೪೫ರ ಏಪ್ರಿಲ್ ತಿಂಗಳಲ್ಲಿ ಅದೇ ಸೆರೆಮನೆಯ ಹನ್ನೆರಡು ಮಂದಿ ನೆಲದಡಿಯಲ್ಲಿ ಸುರಂಗವನ್ನು ಕೊರೆದು ಗೋಡೆಯಾಚೆಗೆ ಎದ್ದರು. ಅದನ್ನು ಕೊರೆದವನು ಗಾರೆಯ ಕೆಲಸದಲ್ಲಿ ನಿಪುಣನಾಗಿದ್ದ ಒಬ್ಬ ಬಂದಿ.

ಚಕ್ರದ ಈ ಮಾದರಿ ಇಂಗ್ಲಿಷರ ಹಡಗುಗಳಲ್ಲಿ ನಮ್ಮ ದೇಶಕ್ಕೂ ಬಂದಿತು. ಅದರ ಭಯಂಕರವಾದ ರೂಪವನ್ನು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಕಾಣಬಹುದು. ೧೮೯೬ರಿಂದ ೧೯೦೬ರವರೆಗೆ ಕಟ್ಟಿದ ಆ ಸೆಲ್ಯುಲರ್ ಜೈಲಿಗೆ ಮೂರು ಅಂತಸ್ತಿನ ಏಳು ಸಾಲುಗಳಿದ್ದುವು. ಒಂದು ಸಾಲಿನ ಕೋಣೆಗಳ ಮುಂಭಾಗ ಮುಂದಿನ ಸಾಲಿನ ಬೆನ್ನಿಗೆ ಇದಿರಾಗಿರುವಂತೆ ಅದನ್ನು ರಚಿಸಿದ್ದರು. ಕಂಬಿಯ ಬಳಿ ನಿಂತು ನೋಡಿದವನಿಗೆ ಇನ್ನೊಬ್ಬ ಮನುಷ್ಯನ ಮುಖ ಕಾಣದೆ ಬರಿಯ ಗೋಡೆಯೇ ಕಾಣಬೇಕು. ಸ್ವಾತಂತ್ರ್ಯವನ್ನು ಬಯಸಿದವರನ್ನು ಒಬ್ಬರಿಂದೊಬ್ಬರನ್ನು ಅಗಲಿಸುವುದು ಆ ಕಟ್ಟಡದ ಗುರಿ. ಹಾಗಿದ್ದರೂ ೧೯೩೩ರಲ್ಲಿ ಅಲ್ಲಿನ ರಾಜಕೀಯ ಬಂದಿಗಳು ಒಟ್ಟಾಗಿ ಉಪವಾಸವನ್ನು ಕೈಕೊಂಡರು. ಬಲಾತ್ಕಾರವಾಗಿ ಆಹಾರವನ್ನು ಇಳಿಸಹೋದಾಗ ಮಹಾವೀರ ಸಿಂಹ, ಮೋಹನಕಿಶೋರ ನಾಮದಾಸ, ಮೋಹಿತ ಮೈತ್ರ ಎಂಬ ಮೂವರು ಪ್ರಾಣ ಬಿಟ್ಟರು. ಮುಖಗಳನ್ನು ಮರೆಮಾಡಿದ ಮಾತ್ರಕ್ಕೆ ಮನಸ್ಸುಗಳು ಬೇರೆಯಾಗಲಿಲ್ಲ. ಏಳು ಸಾಲುಗಳಲ್ಲಿ ಇಂದು ಮೂರು ಉಳಿದಿವೆ. ೧೯೭೯ರಿಂದ ಅದು ರಾಷ್ಟ್ರದ ಸ್ಮಾರಕ.

ಬೆಂಗಳೂರಿನವರು ಇಷ್ಟು ದೂರ ಹೋಗಬೇಕಾದುದಿಲ್ಲ. ಮೈಸೂರು ಸಂಸ್ಥಾನ ಕಮಿಷನರುಗಳ ಆಡಳಿತದಲ್ಲಿದ್ದ ೧೮೬೦ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲನ್ನು ಕಟ್ಟಿದರು. ನಡುವೆ ಕಾವಲಿನ ಗೋಪುರ, ಸುತ್ತಲೂ ಚಾಚಿದ ಬ್ಯಾರಕ್ಕುಗಳು: ಅದೇ ವಂಶದ ಕುಡಿ. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ ಮೊದಲಾದವರನ್ನು ಅಲ್ಲಿಯೇ ಇರಿಸಿದ್ದರು. ೨೦೦೦ದಲ್ಲಿ ಬಂದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, ೨೦೦೮ರಲ್ಲಿ ಆ ಸ್ಥಳ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಗೋಪುರವನ್ನು ಹಾಗೆಯೇ ಉಳಿಸಿದ್ದಾರೆ.

ಗೋಡೆ, ಗೋಪುರಗಳ ಮೇಲಿನ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ೧೯೭೧ರಲ್ಲಿ ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದ ಅಟಿಕಾ ಸೆರೆಮನೆಯದು. ೧೯೩೧ರಲ್ಲಿ ತೆರೆದಾಗ ಅದು ಬಹಳ ಭದ್ರವಾದುದೆಂದು ಹೆಸರಾಗಿದ್ದಿತು. ಅದರ ಓಣಿಗಳೆಲ್ಲ ಬಂದು ಕೂಡುವ ನಡುವಣ ಚೌಕವನ್ನು ‘ಟೈಮ್ಸ್ ಸ್ಕ್ವೇರ್’ ಎನ್ನುತ್ತಿದ್ದರು. ಆ ಚೌಕದ ಕಬ್ಬಿಣದ ಬಾಗಿಲುಗಳನ್ನು ಹಾಕಿಬಿಟ್ಟರೆ ಇಡೀ ಸೆರೆಮನೆ ನಾಲ್ಕು ತುಂಡಾಗಿ ಯಾವ ಗಲಭೆಯೂ ಹರಡಲಾರದು. ಹಾಗೆಂದು ಎಣಿಸಿದ್ದರು. ಸೆಪ್ಟೆಂಬರ್ ೯ರ ಬೆಳಗ್ಗೆ ಬಂದಿಗಳು ತಳ್ಳಿದಾಗ ಒಂದು ಬಾಗಿಲಿನ ಸಲಾಕಿ ಕಳಚಿಬಂದಿತು. ಅದರ ಬೆಸುಗೆಯಲ್ಲಿ ದೋಷವಿದ್ದಿತು. ಬಣ್ಣ ಬಳಿದುದರಿಂದ ಅಷ್ಟು ದಿನವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಬೆಸುಗೆ ಬಿಟ್ಟಿತು, ಸೆರೆಮನೆಯೇ ಕೈಬಿಟ್ಟಿತು. ನಾಲ್ಕು ದಿನಗಳ ಮೇಲೆ ಸರ್ಕಾರದವರು ಗುಂಡು ಹಾರಿಸಿ ಅದನ್ನು ಮರಳಿ ವಶಪಡಿಸಿಕೊಂಡರು. ಒಟ್ಟು ೪೩ ಮಂದಿ ಸತ್ತರು. ಆ ಕೊನೆಯ ದಿನ ಮಡಿದ ಒತ್ತೆಯಾಳುಗಳು ಸತ್ತುದು ಬಂದಿಗಳ ಕತ್ತಿಯಿಂದಲ್ಲ, ಬಿಡಿಸಲು ಬಂದವರ ಗುಂಡಿನಿಂದ. ವಾರಕ್ಕೆ ಒಂದೇ ಸ್ನಾನ ಎಂಬಂಥ ದೂರುಗಳನ್ನು ಆ ಬಂದಿಗಳು ಮೊದಲೇ ಬರೆದು ಸಲ್ಲಿಸಿದ್ದರು. ಬಾಗಿಲಿನ ಬೆಸುಗೆಯನ್ನಾಗಲಿ ಬಂದಿಯ ದೂರನ್ನಾಗಲಿ ಯಾರೂ ಹತ್ತಿರ ಹೋಗಿ ನೋಡಿರಲಿಲ್ಲ.

ಅದೇ ಕಾಲದಲ್ಲಿ ಹೊಸ ಆಲೋಚನೆಯೊಂದು ಮೊಳೆಯಿತು. ೧೯೭೧ರಲ್ಲಿ ರೇ ಜೆಫ್ರಿ ಎಂಬ ವಿದ್ವಾಂಸನೂ ೧೯೭೨ರಲ್ಲಿ ಆಸ್ಕರ್ ನ್ಯೂಮನ್ ಎಂಬ ಶಿಲ್ಪಿಯೂ, ಸುತ್ತಣ ಪರಿಸರವನ್ನು ತಿದ್ದಿ ಅಪರಾಧವನ್ನು ತಡೆಯಬಹುದೆಂದು ಗ್ರಂಥಗಳನ್ನು ಬರೆದರು. ಅವರು ಬರೆದುದು ಮುಖ್ಯವಾಗಿ ಊರುಕೇರಿಗಳನ್ನು ಕುರಿತು. ಜನ ಓಡಾಡುವ, ಸಹಜವಾಗಿ ನಾಲ್ವರ ಕಣ್ಣಿಗೆ ಬೀಳುವ, ‘ಇದು ನಮ್ಮದು’ ಎಂದು ನಿವಾಸಿಗಳಿಗೆ ತೋರುವ ಸ್ಥಳದಲ್ಲಿ ಕೇಡು ಕಡಮೆ ಎಂಬುದು ಅದರ ಸಾರ. ನಮ್ಮ ಹಳ್ಳಿಯ ಜಗಲಿಕಟ್ಟೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ.

ಸೆರೆಮನೆಯಲ್ಲಿ ಇಂಥ ವಿಚಾರ ಕೈಗೂಡಿದ ಬಗೆ ಗಮನಾರ್ಹವಾದುದು. ಉದ್ದನೆಯ ಓಣಿಯಲ್ಲಿ ನಡೆಯುವ ಕಾವಲುಗಾರನಿಗೆ ಒಂದು ಸಲಕ್ಕೆ ಒಂದೇ ಕೋಣೆ ಕಾಣುತ್ತದೆ. ಅವನು ಮುಂದೆ ಹೋದೊಡನೆ ಹಿಂದೆ ಏನು ಬೇಕಾದರೂ ನಡೆಯಬಹುದು. ಗಾಜಿನ ಗೂಡಿನಲ್ಲಿ ಕುಳಿತವನಿಗೆ ಎಲ್ಲವೂ ಕಾಣುತ್ತದೆ. ಆದರೆ ನೋಡಬಲ್ಲನಲ್ಲದೆ ನಡೆಯುವುದನ್ನು ತಡೆಯಲಾರನು. ೧೯೭೫ರ ಸುಮಾರಿನಲ್ಲಿ ಷಿಕಾಗೋ, ನ್ಯೂಯಾರ್ಕ್, ಸ್ಯಾನ್ ಡಿಯೇಗೋ ನಗರಗಳಲ್ಲಿ ಅಮೆರಿಕಾದ ಕೇಂದ್ರಸರ್ಕಾರ ಕಟ್ಟಿದ ಸೆರೆಮನೆಗಳಲ್ಲಿ ಈ ಎರಡನ್ನೂ ಬಿಟ್ಟರು. ಸುಮಾರು ಐವತ್ತು ಮಂದಿಗೆ ಒಂದು ಘಟಕ. ನಡುವೆ ಹಜಾರ, ಸುತ್ತ ಕೋಣೆಗಳು. ಹಜಾರದಲ್ಲಿ, ಕಂಬಿಯೂ ಗಾಜೂ ಇಲ್ಲದೆ, ಬಂದಿಗಳ ನಡುವೆಯೇ ಒಬ್ಬ ಅಧಿಕಾರಿ. ಕಬ್ಬಿಣದ ಬೆಂಚುಗಳಿಗೆ ಬದಲು ಸಾಧಾರಣವಾದ ಮೇಜು ಕುರ್ಚಿಗಳು. ಮುರಿಯುವನೆಂದು ಭಾವಿಸಿ ಕೊಟ್ಟುದನ್ನು ಮನುಷ್ಯನು ಮುರಿಯುತ್ತಾನೆ. ನಂಬಿ ಕೊಟ್ಟುದನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತಾನೆ. ಅಧಿಕಾರಿಯ ಪ್ರಾಣಕ್ಕೆ ಅಪಾಯವೆಂದು ಅನೇಕರು ಹೆದರಿದರು. ನಡೆದುದು ಬೇರೆ. ಹೊಡೆದಾಟ, ಹಾಳುಮಾಡುವಿಕೆಗಳು ಇಳಿದುವೆಂದು ಕಂಡು, ೧೯೮೧ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಊರಿನ ಜಿಲ್ಲಾ ಸೆರೆಮನೆಯೂ ಇದೇ ಕ್ರಮವನ್ನು ಹಿಡಿಯಿತು. ಜಗಳ ಹೊತ್ತಿಕೊಳ್ಳುವುದಕ್ಕೆ ಮೊದಲೇ ಅದರ ಹೊಗೆ ಹತ್ತಿರವಿದ್ದವನ ಮೂಗಿಗೆ ಬಡಿಯುತ್ತದೆ. ದುರ್ಬಲನಾದ ಬಂದಿಗೆ ದೂರು ಹೇಳಿಕೊಳ್ಳಲು ಒಂದು ಮುಖವಿರುತ್ತದೆ.

೨೦೧೦ರಲ್ಲಿ ತೆರೆದ ನಾರ್ವೆಯ ಹಾಲ್ಡನ್ ಸೆರೆಮನೆಯಲ್ಲಿ ಈ ಮಾರ್ಗ ಇನ್ನೂ ಮುಂದೆ ಹೋಗಿದೆ. ಅಲ್ಲಿ ಗೋಡೆಯಿಲ್ಲವೆಂದಲ್ಲ, ಸುಮಾರು ಆರು ಮೀಟರ್ ಎತ್ತರದ ಗೋಡೆಯಿದೆ. ಅದರೊಳಗೆ ಕಾಡಿನ ಮರಗಳನ್ನು ಉಳಿಸಿಕೊಂಡು ಕಟ್ಟಿದ್ದಾರೆ. ಕಾವಲುಗಾರರು ಬಂದಿಗಳೊಡನೆ ಕುಳಿತು ಮಾತಾಡುವುದನ್ನು ತಮ್ಮ ಕೆಲಸದ ಭಾಗವಾಗಿಯೇ ಎಣಿಸುತ್ತಾರೆ. ಕಟ್ಟಡಗಳ ನಡುವಣ ದಾರಿಗಳೂ ಕಾವಲುಗಾರರ ಕೋಣೆಗಳೂ ಆ ಸಂಪರ್ಕ ಹೆಚ್ಚುವಂತೆ ರಚಿತವಾಗಿವೆ. ಏಕಾಂತದ ಮೇಲಿದ್ದ ಹಳೆಯ ಮೋಹಕ್ಕೂ ಲೋಕ ಕಡೆಗೆ ಒಂದು ಎಲ್ಲೆಯನ್ನು ಹಾಕಿತು: ಸಂಯುಕ್ತರಾಷ್ಟ್ರಸಂಘ ೨೦೧೫ರಲ್ಲಿ ಒಪ್ಪಿದ, ನೆಲ್ಸನ್ ಮಂಡೇಲಾ ಅವರ ಹೆಸರಿನ ನಿಯಮಗಳ ಪ್ರಕಾರ ಹದಿನೈದು ದಿನಗಳಿಗೆ ಮೀರಿ ಯಾರನ್ನೂ ಒಂಟಿಸೆರೆಯಲ್ಲಿ ಇಡಕೂಡದು.

ಧನಿಕವಾದ ಚಿಕ್ಕ ದೇಶದ ಮಾತು ನಮಗೇಕೆ ಎಂದು ಕೇಳಬಹುದು. ಆಕ್ಷೇಪಣೆ ತಳ್ಳಿಹಾಕತಕ್ಕುದಲ್ಲ. ೨೦೨೨ರ ಕೊನೆಯಲ್ಲಿ ನಮ್ಮ ದೇಶದ ಸೆರೆಮನೆಗಳಲ್ಲಿ ನೂರು ಮಂದಿಯ ಜಾಗಕ್ಕೆ ೧೩೧ ಮಂದಿ ಇದ್ದರು. ಇಕ್ಕಟ್ಟಿನಲ್ಲಿ ಎಂಥ ನಕ್ಷೆಯೂ ಕೆಡುತ್ತದೆ. ಐವತ್ತು ಮಂದಿಯ ಹೆಸರನ್ನು ಬಲ್ಲ ಅಧಿಕಾರಿ ಇನ್ನೂರು ಮಂದಿಯ ನಡುವೆ ಕುರುಡನಾಗುತ್ತಾನೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಒಳಗಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣೆ ಮುಗಿಯದವರು. ಅವರನ್ನು ಅಪರಾಧಿಗಳೆಂದು ಯಾವ ನ್ಯಾಯಾಧೀಶನೂ ಇನ್ನೂ ಹೇಳಿಲ್ಲ. ನ್ಯಾಯಸ್ಥಾನ ಬಿಟ್ಟರೂ ಬಾಗಿಲು ಬಿಡದವರನ್ನು ಕಂಡು ಹೊವರ್ಡನ ಕರುಳು ಕರಗಿತಷ್ಟೆ; ಆ ಕರುಳಿಗೆ ಇಂದೂ ಕೆಲಸವಿದೆ. ವಿಚಾರಣೆಯನ್ನು ಚುರುಕುಗೊಳಿಸಿದರೆ ಒಂದು ಇಟ್ಟಿಗೆಯನ್ನೂ ಇಡದೆ ಸೆರೆಮನೆಯ ಭದ್ರತೆ ಹೆಚ್ಚೀತು.

ಫ್ರೀಡಂ ಪಾರ್ಕಿಗೆ ಹೋದವರು ಆ ಗೋಪುರದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಅಲ್ಲಿಂದ ಎಲ್ಲ ದಿಕ್ಕುಗಳೂ ಚೆನ್ನಾಗಿ ಕಾಣುತ್ತವೆ. ಅದನ್ನು ಕಟ್ಟಿದವನು ತನ್ನ ಕೆಲಸವನ್ನು ಬಲ್ಲವನೇ. ಬ್ಯಾರಕ್ಕಿನ ಒಳಗಿದ್ದವನು ಜ್ವರದಲ್ಲಿ ನರಳುತ್ತಿದ್ದಾನೆಯೇ, ಪಕ್ಕದವನಿಗೆ ಹೆದರುತ್ತಿದ್ದಾನೆಯೇ, ಬದುಕಿನ ಆಸೆಯನ್ನು ಬಿಟ್ಟಿದ್ದಾನೆಯೇ ಎಂಬುದು ಮಾತ್ರ ಅಷ್ಟು ಎತ್ತರದಿಂದ ಕಾಣುವುದಿಲ್ಲ. ಅದನ್ನು ತಿಳಿಯಬೇಕಾದವನು ಮೆಟ್ಟಿಲಿಳಿದು ಒಳಕ್ಕೆ ಹೋಗಬೇಕು.